ವಾಸನೆಯೇ ಇಲ್ಲ ಎಂದವರಿಗೆ

ವಾಯುಮಾಲಿನ್ಯ ನಿಯಂತ್ರಣದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನೀವು "ವಾಸನೆಯೇ ಇಲ್ಲ" ಎಂದು ಘೋಷಿಸಿದ ಅನಿಲ ನನ್ನ ತಮ್ಮನನ್ನು ಕೊಂದಿತು. ಪೀಠಿಕೆ ಹಾಕಿ ಮಾತನಾಡುವಷ್ಟು ಸಮಾಧಾನ ನನ್ನಲ್ಲಿ ಉಳಿದಿಲ್ಲ. ಎಡಗೈ ಪ್ಲಾಸ್ಟರಿನಲ್ಲಿದೆ, ಬಲಗೈ ನೆಟ್ಟಗಿದೆ. ಅದನ್ನು ನಿಮ್ಮ ಕೆನ್ನೆಗೆ ಬಳಸುವ ಆಸೆಯಿತ್ತು. ನಿಮ್ಮ ಕಚೇರಿಯ ಕಾವಲುಗಾರರು ಒಳಗೆ ಬಿಡಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಎಣ್ಣೆ ಶುದ್ಧೀಕರಣ ಕಾರ್ಖಾನೆಗೆ ಹೊಸ ನಿಯಮ ಬಂತು: ಗಂಧಕದ ವಿಷಾನಿಲವನ್ನು ತೊಳೆದೇ ಹೊರಗೆ ಬಿಡಬೇಕು. ಹಳೆಯ ಘಟಕದ ಮಗ್ಗುಲಿಗೆ ಹೊಸ ಗೋಪುರ ತಂದು ಜೋಡಿಸಿದರು. ಉದ್ಘಾಟನೆಗೆ ಬಂದ ತಾವು ಕ್ಯಾಮೆರಾಗಳ ಮುಂದೆ ಎದೆ ತುಂಬ ಉಸಿರೆಳೆದು, "ಎಲ್ಲಿದೆ ಕೊಳೆತ ಮೊಟ್ಟೆಯ ವಾಸನೆ? ವಾಸನೆಯೇ ಇಲ್ಲ!" ಎಂದಿರಿ. ನಾನೂ ಚಪ್ಪಾಳೆ ತಟ್ಟಿದೆ. ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಕಿಟಕಿ ತೆರೆದು ಪಾಠ ಮಾಡುವ ಆಸೆ ಯಾರಿಗಿರುವುದಿಲ್ಲ?

ಆದರೆ ಅನಿಲವನ್ನು ತೊಳೆಯದೆಯೇ ಹಳೆಯ ಚಿಮಣಿಗೆ ಒಯ್ಯುವ ಬೈಪಾಸ್ ಲೈನನ್ನು ಯಾಕೆ ಕೀಳಿಸಲಿಲ್ಲ, ಮಾನ್ಯರೇ? ಹೊಸ ಗೋಪುರ ತಾಳಲಾರದಷ್ಟು ಅನಿಲ ಬಂದಾಗ ಹೆಚ್ಚಾದದ್ದನ್ನು ಹಿಂಬಾಗಿಲಿನಿಂದ ಸಾಗಹಾಕಲು ಅದು ಇರಲಿ ಎಂದು ಒಪ್ಪಿಗೆ ಕೊಟ್ಟವರು ಯಾರು? ಹೊಸ ಚಿಮಣಿಗಷ್ಟೇ ಮಾಪಕ ಕೂರಿಸಿ, ಹಳೆಯದಕ್ಕೆ ಬೆನ್ನು ಹಾಕಿ ನಿಂತರೆ ಗಾಳಿ ಶುದ್ಧವಾಗುತ್ತದೆಯೇ? ನಿಮಗೂ ಮಾಲೀಕರಿಗೂ ಅದು ಜೀವಂತ ಲೈನ್. ಅದನ್ನು ಬಿಚ್ಚಿ ರಿಪೇರಿ ಮಾಡಲು ಹೋದವರಿಗೆ ಮಾತ್ರ "ಸತ್ತ ಲೈನ್, ಒಳಗೆ ಅನಿಲವಿಲ್ಲ, ಹೆದರಬೇಡಿ" ಎಂದು ಹೇಳಿ ಕಳಿಸಿದರು.

ನನ್ನ ತಮ್ಮ ಪೈಪ್ ಫಿಟ್ಟರ್. ಎಲ್ಲರ ಬಾಯಲ್ಲೂ ಮೂಗಪ್ಪ. ಯಾವ ಲೈನ್ ಬಿಚ್ಚುವಾಗಲೂ ಮೊದಲು ಯಾರಾದರೊಬ್ಬರು ಮೂಸಿ ನೋಡುವುದು ಅವರ ತಂಡದ ರೂಢಿ, ಆ ಕೆಲಸ ಇವನದೇ. ನನ್ನ ಒಲೆಯ ಮೇಲೆ ಹಾಲು ಸೀದರೆ ಬೀದಿಯ ತಿರುವಿನಿಂದಲೇ ಗೇಲಿ ಮಾಡಿಕೊಂಡು ಬರುತ್ತಿದ್ದ. ಉದ್ಘಾಟನೆಯ ದಿನ ತಮ್ಮಂಥ ಅತಿಥಿಗಳ ಎದೆಗೆ ಸಿಕ್ಕಿಸಿದ್ದ ಗ್ಯಾಸ್ ಅಲಾರಂಗಳು ಅಂದೇ ಬೀರು ಸೇರಿ ಬೀಗ ಹಾಕಿಸಿಕೊಂಡಿದ್ದವು. ಫಿಟ್ಟರ್‌ಗಳಿಗೆ ಉಳಿದದ್ದು ಮೂಗಪ್ಪನ ಮೂಗು.

ಅವತ್ತು ಅಟ್ಟಣಿಗೆಯ ಮೇಲೆ ಅವನಿದ್ದ. ಅದೇ ತಂಡದಲ್ಲಿರುವ ನನ್ನ ಗಂಡ ಕೆಳಗೆ, ಸ್ವಲ್ಪ ದೂರದಲ್ಲಿದ್ದರು. ಮೊದಲ ಬೋಲ್ಟ್ ಸಡಿಲವಾಗುತ್ತಲೇ ಇವನು ಮುಖ ಕಿವಿಚಿದ.

"ಭಾವ, ಸ್ವಲ್ಪ ನಾತ ಬರ್ತಿದೆ."

"ಬಿಟ್ಟು ಇಳಿದು ಬಾರೋ."

ಬಗ್ಗಿ ಇನ್ನೊಮ್ಮೆ ಮೂಸಿ ನಕ್ಕನಂತೆ. "ಹೋಯ್ತು ಬಿಡಿ ಭಾವ. ಒಳಗೆ ಉಳಿದಿದ್ದ ಚೂರುಪಾರು ಅಷ್ಟೇ. ಈಗ ಏನೂ ಇಲ್ಲ."

ಹೋದದ್ದು ವಾಸನೆಯಲ್ಲ, ಮೂಗು. ಈ ಅನಿಲ ಮಿತಿಮೀರಿದರೆ ಮೊದಲು ವಾಸನೆ ಹಿಡಿಯುವ ಶಕ್ತಿಯನ್ನು ಕೊಲ್ಲುತ್ತದೆ, ಆಮೇಲೆ ಮನುಷ್ಯನನ್ನು. ಅವನು ಉಳಿದ ಬೋಲ್ಟ್‌ಗಳನ್ನೂ ಬಿಚ್ಚಿದ. ಸತ್ತ ಲೈನ್ ಭುಸ್ಸೆಂದು ಅವನ ಮುಖಕ್ಕೇ ಉಗಿಯಿತು. ಕುಸಿದವನ ಹಣೆ ಕಬ್ಬಿಣದ ತೊಲೆಗೆ ಬಡಿದು ಸೀಳಿತು. ಕಾಲುಗಳು ಅಟ್ಟಣಿಗೆಯ ಹಲಗೆಗಳನ್ನು ದಬದಬ ಒದ್ದವು. ರಕ್ತ ಹಲಗೆಗಳ ಸಂದಿಯಿಂದ ಕೆಳಕ್ಕೆ ಸುರಿಯಿತು. ನನ್ನ ಗಂಡ ಏಣಿಯತ್ತ ಓಡಿದರು. ಜೊತೆಗಾರರಿಬ್ಬರು ಅವರನ್ನು ದೂರ ಎಳೆದು ನೆಲಕ್ಕೆ ಕೆಡವಿ ಎದೆಯ ಮೇಲೆ ಕೂತರು. "ಬಿಡ್ರೋ! ನನ್ನ ಹೆಂಡ್ತಿ ತಮ್ಮ ಕಣ್ರೋ ಅವನು!" ಎಂದು ಕೂಗುತ್ತ ಒಬ್ಬನ ಕೈಯನ್ನು ಮಾಂಸ ಕೀಳುವಂತೆ ಕಚ್ಚಿದರು. ಅವನು ಕಚ್ಚಿಸಿಕೊಂಡೇ ಕೂತ. ನಾನಿನ್ನೂ ವಿಧವೆಯಾಗದಿರುವುದು ಅವನ ದಯೆ, ನಿಮ್ಮ ನಿಯಮದ್ದಲ್ಲ.

ಹೆಣ ಕೊಡಿ ಎಂದು ಕಾರ್ಖಾನೆಯ ಗೇಟಿಗೆ ಹೋದ ಹೆಂಗಸರಿಗೆ ದೊಣ್ಣೆ ಬಿತ್ತು. ನನ್ನ ಮಣಿಕಟ್ಟು ಮುರಿದದ್ದು ಅಲ್ಲೇ. ಅಲ್ಲಿಗೆ ಬಂದಿದ್ದ ನಿಮ್ಮ ಕಾರಿನ ಗಾಜು ಪುಡಿಯಾದದ್ದಕ್ಕೆ ತುಂಬ ನೊಂದುಕೊಂಡಿರಂತೆ. ಆ ಕಲ್ಲು ನನ್ನದಲ್ಲ, ನನ್ನದಾಗಿದ್ದರೆ ಗಾಜಿಗೆ ನಿಲ್ಲುತ್ತಿರಲಿಲ್ಲ.

ಈಗ ನಿಮ್ಮ ವರದಿ ಬಂದಿದೆ: "ಮೂಗನ್ನು ನಂಬಿದ್ದು ಕೆಲಸಗಾರನ ನಿರ್ಲಕ್ಷ್ಯ." ಮೂಗನ್ನು ನಂಬಿ ಇಡೀ ಕಾರ್ಖಾನೆಗೇ ಒಪ್ಪಿಗೆ ಕೊಟ್ಟ ತಮ್ಮ ಕೆಲಸಕ್ಕೆ ಏನೆನ್ನುತ್ತಾರೆ? ದೂರದೃಷ್ಟಿಯೇ?

ಆ ಲೈನ್ ಮತ್ತೆ ಶುರುವಾಗಲಿದೆ. ಸೋಮವಾರ ಅದೇ ಅಟ್ಟಣಿಗೆ ಹತ್ತಿ ಅದೇ ಜೋಡಣೆಯನ್ನು ಬಿಗಿಯಬೇಕೆಂದು ನನ್ನ ಗಂಡನಿಗೆ ಅಪ್ಪಣೆಯಾಗಿದೆ. ನನ್ನ ಬೇಡಿಕೆ ಒಂದೇ. ಕಾರ್ಖಾನೆ ನಿಲ್ಲಿಸಿ ಆ ಲೈನನ್ನು ಬುಡದಿಂದ ಕತ್ತರಿಸಿ, ಎರಡೂ ಬಾಯಿಗೆ ಕಬ್ಬಿಣದ ತಟ್ಟೆ ಬೆಸೆಯಿಸಿ. ಆಗುವುದಿಲ್ಲವೇ? ಹಾಗಾದರೆ ಸೋಮವಾರ ನೀವೇ ಬನ್ನಿ. ಅಟ್ಟಣಿಗೆ ಹತ್ತಿ ಆ ಬಾಯಿಗೆ ಮುಖ ಕೊಟ್ಟು, ಎದೆ ತುಂಬ ಉಸಿರೆಳೆದು, "ವಾಸನೆಯೇ ಇಲ್ಲ" ಎನ್ನಿ. ನನ್ನ ಗಂಡ ಒಳ್ಳೆಯವರು, ನಿಮ್ಮನ್ನು ಇಳಿಸಿಕೊಳ್ಳಲು ಓಡಿ ಬಂದಾರು. ಆಗ ಅವರ ಎದೆಯ ಮೇಲೆ ನಾನೇ ಕೂರುತ್ತೇನೆ.

ಇಂತಿ,
ಕೊಳೆತ ಮೊಟ್ಟೆಯ ವಾಸನೆ ಬಂದರೆ ಈಗ ನೆಮ್ಮದಿಯಾಗುವ,
ಮೂಗಪ್ಪನ ಅಕ್ಕ