ಪುಟ್ಟ ಸ್ಟೋವಿನ ಎಣ್ಣೆ

ಮಗಳೇ,

ನಿನ್ನ ಗಂಡನ ಪುಟ್ಟ ಸ್ಟೋವಿಗೆ ಸೀಮೆಎಣ್ಣೆ ಅರ್ಧ ಹುಯ್ದಿದ್ದೇನೆ, ಉಳಿದದ್ದು ನೀನು ಹುಯ್ಯಿ. ಡಬ್ಬದ ಬಾಯಿ ಮೇಲಂಚಿನ ಕಡೆ ಇರುವಂತೆ ಅಡ್ಡ ಹಿಡಿದು ಮೆಲ್ಲಗೆ ಬಗ್ಗಿಸು. ಗಾಳಿ ಒಳಗೆ ಹೋದರೆ ಗುಳುಗುಳು ಎಂದು ಚೆಲ್ಲುವುದಿಲ್ಲ. ಕಂಠಮಟ್ಟ ತುಂಬಬೇಡ ಎಂದು ಎಷ್ಟು ಬಡಕೊಂಡರೂ ನೀನು ಕೇಳುವವಳಲ್ಲ. ಚೆಲ್ಲಿದ್ದನ್ನು ಒರೆಸಿ, ಆಮೇಲೆ ಕಡ್ಡಿ ಗೀರು.

ಹೌದು, ಹಚ್ಚು. “ಬೆಟ್ಟದಿಂದ ಇಳಿದು ಬಂದ ಕೂಡಲೇ ಅವರು ಚಹಾ ಕೇಳ್ತಾರೆ, ಅತ್ತೆ” ಎನ್ನುತ್ತ ನೀನು ಹಳೆ ಎಣ್ಣೆ ಬಸಿದು ಹೊಸದು ತುಂಬಿಡುತ್ತಲೇ ಬಂದೆ. ನಾನೂ ಲಾಳಿಕೆ ಹಿಡಿದೆ. ನನ್ನ ಮಗ ಇನ್ನು ಬರುವುದಿಲ್ಲ ಮಗಳೇ. ಇವತ್ತು ಅದರಲ್ಲಿ ನಮ್ಮಿಬ್ಬರಿಗೇ ಚಹಾ ಇಡು.

ಬೆಟ್ಟದಲ್ಲಿ ಅವನನ್ನು ಹುಡುಕುತ್ತಿರುವವರಿಗೆ ‘ಇನ್ನು ಸಾಕು’ ಎಂದು ಬರೆದು ನಾವಿಬ್ಬರೂ ರುಜು ಹಾಕಿದ ಕಾಗದ ಚಳಿಗಾಲದಿಂದ ಅಕ್ಕಿ ಡಬ್ಬದ ಹಿಂದೆಯೇ ಇತ್ತು. ಅದನ್ನು ಅಂಚೆಗೆ ಹಾಕಿ ಬರುತ್ತೇನೆ.