ಎಡಭುಜದ ಹತ್ತಿ

ಸಂಗೀತದ ಮೇಡಂ ಅವರಿಗೆ,

ಕಾಲೇಜಿನಿಂದ ನನ್ನ ಹೆಸರು ಹೊಡೆದುಹಾಕಿ ಎರಡು ತಿಂಗಳಾಯಿತು. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ದಿನಾ ಬುತ್ತಿ ಹಿಡಿದು ಹೊರಟು, ಬಸ್ ನಿಲ್ದಾಣದಲ್ಲಿ ಉಂಡು ಬರುತ್ತೇನೆ.

ಹೋದ ವರ್ಷ ಕಾಲೇಜಿನ ಚಳಿಗಾಲದ ಹಬ್ಬದಲ್ಲಿ ನಾನು ಹಾಡುತ್ತಾ ಮೈಮರೆತಿದ್ದೆ. ಈ ಸಲವೂ ಹಾಡುವವರ ಕೆಂಪು ಕೋಟುಗಳನ್ನು ಹೊಲಿದುಕೊಟ್ಟವರು ನಮ್ಮಪ್ಪನೇ. "ಹಾಡು ನಂಗೇನು ಗೊತ್ತಾಗುತ್ತೆ ಮಗಳೇ, ನಿನ್ನ ಕೋಟು ನೋಡೋಕೆ ಬರ್ತೀನಿ" ಅನ್ನುತ್ತಿದ್ದಾರೆ.

ನಾಳೆ ಹಬ್ಬದ ಒಂದು ದಿನ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿಕೊಳ್ಳಿ. ಹಾಡುವುದಿಲ್ಲ, ಬಾಯಿ ಮಾತ್ರ ಆಡಿಸುತ್ತೇನೆ. ನನ್ನ ಕೋಟನ್ನು ನನ್ನ ಜಾಗಕ್ಕೆ ಬಂದ ಹೊಸ ಹುಡುಗಿಗೆ ತೊಡಿಸುತ್ತೀರಂತೆ. ಬೇಡ ಮೇಡಂ, ಕೈಮುಗಿಯುತ್ತೇನೆ. ನನ್ನ ಎಡಭುಜ ತುಸು ಇಳಿದಿದೆ; ಅದು ಕಾಣದಿರಲೆಂದು ಅಪ್ಪ ಅಲ್ಲಿ ಹತ್ತಿ ಹೆಚ್ಚು ತುಂಬಿದ್ದಾರೆ. ಬೇರೆ ಯಾರು ತೊಟ್ಟರೂ ಆ ಭುಜ ಉಬ್ಬಿ ನಿಲ್ಲುತ್ತದೆ. ಹಾಡು ಮುಗಿಯುವವರೆಗೂ ಅಪ್ಪ ಅದನ್ನೇ ನೋಡುತ್ತಾ ಕೂರುತ್ತಾರೆ.

ಇಂತಿ,
ದರ್ಜಿಯ ಮಗಳು