ಎಡಗಾಲು ಮರೆಯದ ಕ್ಲಚ್ಚು

ಸಕಲವನ್ನೂ ಚಲಿಸುವಂತೆ ಮಾಡಿ ತಾನು ಮಾತ್ರ ಅಚಲನಾಗಿರುವ ಸ್ವಾಮಿಗೆ ನಮಸ್ಕಾರ. ಸಂಕಲ್ಪಿಸಿದ ಕಾರ್ಯ ನಿರ್ವಿಘ್ನವಾಗಲಿ.

ಮಾರ್ಚ್ ತಿಂಗಳ ಮೂರನೆಯ ದಿನ, ಸೋಮವಾರ, ಪ್ರಾತಃಕಾಲ

ಜಪ ಮುಗಿಸಿ ಹೊರಬಂದರೆ ಈಕೆ ಎಂದಿನಂತೆ ಕಾರಿನೊಳಗೆ. ನನ್ನ ಸಹಧರ್ಮಿಣಿ; ಊರಿನ ಅರ್ಧ ಜನಕ್ಕೆ ವಾಹನ ಕಲಿಸಿದ ಡ್ರೈವಿಂಗ್ ಟೀಚರಮ್ಮ. ಈಗ ಮರೆವಿನ ರೋಗ. ಮೊದಲು ನನ್ನ ಹೆಸರು ಹೋಯಿತು, ಕಳೆದ ಚಳಿಗಾಲದಲ್ಲಿ ಮಗಳದ್ದು. ಚಾಲಕನ ಆಸನ ಬಿಟ್ಟು ಪಕ್ಕದ್ದರಲ್ಲಿ ಕೂರುತ್ತಾಳೆ — ಯಾವ ಬಾಗಿಲೆಂಬುದೂ ಮರೆತಂತಿದೆ. ಎಡಗಾಲು ಮುಂದಕ್ಕೆ ಚಾಚಿ ಕಾರಿನ ನೆಲದ ಚಾಪೆಯನ್ನು ತಡಕುತ್ತದೆ. ಕೈ ನಡುವಿನ ಹಿಡಿಯನ್ನು ಮುಟ್ಟಿ ನೋಡಿ, ಅಪರಿಚಿತರನ್ನು ಮುಟ್ಟಿದಂತೆ ಹಿಂದೆ ಸರಿಯುತ್ತದೆ.

“ಗೇರ್ ಯಾರ್ ಕಿತ್ಕೊಂಡ್ ಹೋದ್ರು?”

“ಇದು ಆಟೊಮ್ಯಾಟಿಕ್ ಕಣೇ. ಗೇರು ತಾನೇ ಬೀಳುತ್ತೆ.”

“ತಾನೇ ಬಿದ್ರೆ ನಾನ್ಯಾಕೆ?” ಎಂದು ಅತ್ತಳು.

ಮೊಣಕಾಲು ನೋಯುತ್ತದೆಂದು ಮಗಳು ಕೊಡಿಸಿದ ಕಾರು. ವೈದ್ಯರ ಮಾತು: ಹೆಸರುಗಳು ಹೋದ ಮೇಲೂ ಕೈಕಾಲಿನ ಅಭ್ಯಾಸ ಕೆಲಕಾಲ ಉಳಿಯುತ್ತದೆ, ಅದೂ ಶಾಶ್ವತವಲ್ಲ. ನಿಶ್ಚಯಿಸಿದೆ — ಗೇರನ್ನು ಮರಳಿ ತರಿಸುವುದು. ವಾಹನ ಅಂಗಳ ದಾಟದು, ಕೀಲಿ ಮಗಳ ಬಳಿಯೇ ಇರಲಿ. ಅಭ್ಯಾಸ ಆರುವ ಮುನ್ನ ಒಮ್ಮೆಯಾದರೂ ಈಕೆ ಈಕೆಯಾಗಿ ಕಾಣಬೇಕು.

ಮಾರ್ಚ್ ಒಂಬತ್ತು, ಭಾನುವಾರ, ಅಪರಾಹ್ನ

ಅಳಿಯಂದಿರು ಬಸ್ ಡಿಪೋದ ಮೆಕ್ಯಾನಿಕ್. ಅಪಘಾತದಲ್ಲಿ ಜಜ್ಜಿಹೋದ, ಇದೇ ಮಾದರಿಯ ಗೇರ್ ಕಾರೊಂದರ ಅವಯವಗಳನ್ನು ಗುಜರಿಯಿಂದ ತಂದರು: ಗೇರ್‌ಬಾಕ್ಸ್, ಫ್ಲೈವೀಲ್, ಮೂರು ಪೆಡಲ್‌ಗಳ ಚೌಕಟ್ಟು. ಮಗಳಿಗೆ ಸಿಟ್ಟು.

“ಎಲ್ರೂ ಗೇರ್ ಬಿಟ್ಟು ಆಟೊಮ್ಯಾಟಿಕ್‌ಗೆ ಬರ್ತಾರೆ. ನಿಮ್ಮದು ಮಾತ್ರ ಹಿಮ್ಮುಖ ನಡಿಗೆ! ಅಮ್ಮ ಕ್ಲಚ್ ಒತ್ತಿದ್ರೆ ಹೋಗಿದ್ದೆಲ್ಲ ವಾಪಸ್ ಬಂದ್ಬಿಡುತ್ತಾ ಅಪ್ಪ?”

ಕಾರಿನಡಿಯಿಂದ ಅಳಿಯಂದಿರು: “ಏಯ್, ಆ ಸ್ಪ್ಯಾನರ್ ಕೊಟ್ಟು ಬಯ್ಯೇ. ಎರಡೂ ಒಟ್ಟಿಗೇ ಆಗ್ಲಿ.”

ಕೊಟ್ಟಳು. ಬಯ್ಯುತ್ತಲೇ ಕೊಟ್ಟಳು.

ಕಾರಿನ ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜಾಕಿನ ಮೇಲೆ ಮೆಲ್ಲಗೆ ಇಳಿಯಿತು. ಅದರ ಕೆಂಪು ಎಣ್ಣೆ ಅಂಗಳದಲ್ಲಿ ಹರಡಿತು. ಈಕೆ ಕಿಟಕಿಯಿಂದ ಕಂಡು, “ಯಾರಿಗೆ ಪೆಟ್ಟಾಯ್ತು?” ಎಂದಳು. ಮಗಳು ಅದರ ಮೇಲೆ ಮರಳು ಸುರಿದಳು.

ಮಾರ್ಚ್ ಇಪ್ಪತ್ತಮೂರು, ಭಾನುವಾರ, ಸಾಯಂಕಾಲ

ಕ್ಲಚ್ ಪೆಡಲ್ ಕೂತಿತು. ನಾನು ಒಳಗೆ ಅದನ್ನು ಒತ್ತಿ ಹಿಡಿಯುವುದು, ಅಳಿಯಂದಿರು ಕೆಳಗೆ ಮಲಗಿ ಕ್ಲಚ್ಚಿನ ಎಣ್ಣೆ ನಳಿಕೆಯಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಹೊರಬಿಡುವುದು.

“ಒತ್ತಿ ಮಾವ... ಹಿಡ್ಕೊಳ್ಳಿ... ಬಿಡ್ಬೇಡಿ ಅಂದ್ನಲ್ಲ! ಅತ್ತೆ ಊರಿಗೆಲ್ಲ ಕಲಿಸಿದ್ರು, ನಿಮಗೆ ಕಲಿಸ್ಲೇ ಇಲ್ವಾ?”

“ದೀಪದ ಬುಡದಲ್ಲೇ ಕತ್ತಲೆ,” ಎಂದೆ.

ಈಕೆ ಪಾಠ ಹೇಳುತ್ತಿದ್ದ ಹಳೆಯ ಕಾರಿನ ಗೇರ್ ಹಿಡಿಯ ಗುಂಡು ಹೊಲಿಗೆ ಪೆಟ್ಟಿಗೆಯಲ್ಲಿತ್ತು. ಅಂಗೈ ಉಜ್ಜಿ ಉಜ್ಜಿ ಅಂಕಿಗಳೆಲ್ಲ ಅಳಿಸಿಹೋದದ್ದು. ಅದನ್ನೇ ಹೊಸ ಗೇರ್ ಹಿಡಿಗೆ ತಿರುಪಿದೆವು.

ಎಲ್ಲವೂ ಕೂಡಿತು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಅಳಿಯಂದಿರು ತಲೆ ಕೆರೆದುಕೊಂಡರು, ಆಮೇಲೆ ನಕ್ಕರು. “ಹಳೇ ಗೇರ್‌ಬಾಕ್ಸ್ ‘ನಾನು ನಿಂತಿದೀನಿ’ ಅಂತ ಸಿಗ್ನಲ್ ಕೊಟ್ರೇನೇ ಇದು ಸ್ಟಾರ್ಟ್ ಆಗೋದು. ಅದನ್ನೇ ಕಿತ್ತಾಕಿದೀವಿ. ಪಾಪ, ಇದಿನ್ನೂ ಕಾಯ್ತಾ ಕೂತಿದೆ.” ಎರಡು ತಂತಿ ಬೆಸೆದರು. ಇಲ್ಲದವರ ಮಾತಿಗೆ ಕಾದು ಕುಳಿತಿದ್ದ ಎಂಜಿನ್ ಕೂಡಲೇ ಉಸಿರೆತ್ತಿತು. ನಾನು ಮುಖ ತಿರುಗಿಸಿಕೊಂಡೆ.

ಮಾರ್ಚ್ ಮೂವತ್ತು, ಭಾನುವಾರ, ಬೆಳಗ್ಗೆ

ಪಕ್ಕದ ಆಸನದತ್ತ ಹೋಗುತ್ತಿದ್ದವಳನ್ನು ಕೈಹಿಡಿದು ಈಚೆಗೆ ಕರೆತಂದು ಚಾಲಕನ ಆಸನದಲ್ಲಿ ಕೂರಿಸಿದೆವು. ಮಗಳು ಬಗ್ಗಿ ತಾಯಿಯ ಪಾದವನ್ನು ಕ್ಲಚ್ಚಿನ ಮೇಲಿಟ್ಟಳು. ಜಾರಿತು. ಮತ್ತೆ ಇಟ್ಟಳು. ಈಕೆ ಸ್ಟೀರಿಂಗನ್ನು ನೋಡಿದಳು. ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಇಲ್ಯಾಕೆ ಕೂರಿಸಿದ್ರಿ? ಇದು ನನ್ ಜಾಗ ಅಲ್ಲ.”

“ನಿಂದೇ ಅಮ್ಮ. ಗೇರ್ ಬಂದಿದೆ ನೋಡು.”

“ನನ್ನ ಮನೆಗೆ ಬಿಡಿ.”

ಮನೆಯ ಅಂಗಳದಲ್ಲೇ ಇದ್ದೆವು.

ಮಗಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಡವಾಯಿತು, ಸ್ವಾಮಿ. ಕಾಲೂ ಮರೆಯಿತು.

ಏಪ್ರಿಲ್ ಹದಿನೇಳು, ಗುರುವಾರ

ಬರೆಯಲು ಕೈ ಏಳದೆ ದಿನಗಳು ಸಂದವು. ಕಾರಿಗೆ ಹೊದಿಕೆ ಹಾಕಿಸಿದ್ದೆ.

ಇಂದು ಜಪದ ನಡುವೆ ಬಾಗಿಲ ಸದ್ದು. ಹೋಗಿ ನೋಡಿದರೆ ಹೊದಿಕೆಯನ್ನು ಸರಿಸಿ ಪಕ್ಕದ ಆಸನದಲ್ಲಿ ಕುಳಿತಿದ್ದಾಳೆ — ಬೆನ್ನು ನೆಟ್ಟಗೆ. ಗಡಿಯಾರವಿಲ್ಲದ ಮಣಿಕಟ್ಟನ್ನು ನೋಡಿಕೊಂಡಳು.

“ಲೇಟು. ಹೊಸಬರಾ?”

“ಹೌದು.”

“ಕೂತ್ಕೊಳ್ಳಿ. ಕನ್ನಡಿ ಸರಿ ಮಾಡ್ಕೊಳ್ಳಿ.”

ಆಗ ತಿಳಿಯಿತು. ಬಾಗಿಲು ಮರೆತವರು ನಾವು. ಕಲಿಸುವವರ ಆಸನ ಅದೇ ತಾನೆ! ಪಾಠದ ಕಾರಿನಲ್ಲಿ ಆ ಬದಿಗೂ ಕ್ಲಚ್ಚು, ಬ್ರೇಕು ಇರುತ್ತಿದ್ದವು. ಈಕೆಯ ಆಯುಷ್ಯ ಕಳೆದದ್ದೇ ಅಲ್ಲಿ. ಇಷ್ಟು ದಿನ ಈಕೆಯ ಎಡಗಾಲು ಹುಡುಕಿದ್ದು ಆ ಬದಿಯ ಕ್ಲಚ್ಚನ್ನು. ನಾವು ಹಾಕಿಸಿದ್ದು ಚಾಲಕನ ಬದಿಗೆ.

ಮಗಳು ಕೀಲಿ ತಂದುಕೊಟ್ಟು ಕಂಬದ ಮರೆಯಲ್ಲಿ ನಿಂತಳು. ನಾನು ಚಾಲಕನ ಆಸನದಲ್ಲಿ ಕೂತು ಎಂಜಿನ್ ಚಾಲೂ ಮಾಡಿದೆ.

“ಕ್ಲಚ್ ಪೂರ್ತಿ ಒತ್ತಿ.” ಅಂಕಿಯಿಲ್ಲದ ಗುಂಡಿನ ಮೇಲೆ ನನ್ನ ಕೈ, ಅದರ ಮೇಲೆ ಈಕೆಯ ಕೈ. ಒಂದನೆಯ ಗೇರು ಬಿತ್ತು. “ಈಗ ಬಿಡಿ... ನಿದ್ದೆ ಹೋಗಿರೋ ಮಗೂನ ಕೆಳಗೆ ಮಲಗಿಸೋ ಹಾಗೆ.”

ಬಿಟ್ಟೆ. ಕಾರು ಜಿಗಿದು ಆಫ್ ಆಯಿತು. ಈಕೆಯ ಪಾದ ಬರಿಯ ಚಾಪೆಯನ್ನು ಬಲವಾಗಿ ಒತ್ತಿ ನಿಂತಿತ್ತು.

“ನಾನ್ ಹಿಡ್ಕೊಂಡಿದೀನಿ, ಹೆದರ್ಬೇಡಿ. ನಿಮ್ಮನೇಲಿ ಯಾರಿಗೂ ಡ್ರೈವಿಂಗ್ ಬರಲ್ವಾ?”

“ನನ್ನ ಹೆಂಡತಿಗೆ ಬರುತ್ತೆ. ಬಹಳ ಚೆನ್ನಾಗಿ.”

“ಮತ್ತೆ ಅವ್ರ ಹತ್ರಾನೇ ಕಲೀಬಾರ್ದಿತ್ತಾ?”

“ಅವಳಿಗೆ... ಪುರುಸೊತ್ತಿಲ್ಲ.”

“ಪಾಪ,” ಎಂದಳು. ಯಾರಿಗೆಂದು ಹೇಳಲಿಲ್ಲ. ಕೈ ತೆಗೆಯಲಿಲ್ಲ. “ನಾಳೆ ಬೇಗ ಬನ್ನಿ.”

ಏಪ್ರಿಲ್ ಹದಿನೆಂಟು, ಶುಕ್ರವಾರ, ಸೂರ್ಯೋದಯ

ಇಂದು ಜಪಕ್ಕೆ ಮುನ್ನವೇ ಬರೆಯುತ್ತಿದ್ದೇನೆ. ನೆಲದ ಮೇಲೆ ಮಲಗಿ ಬೆವರಿದ ಅಳಿಯಂದಿರಿಗೆ ಆಯುರಾರೋಗ್ಯವಾಗಲಿ. ಬಯ್ಯುತ್ತಲೇ ಸ್ಪ್ಯಾನರ್ ಕೊಟ್ಟ ಮಗಳನ್ನು, ಅವಳ ಮುಪ್ಪಿನಲ್ಲಿ, ಹೆಸರು ಹಿಡಿದು ಕರೆಯುವವರಿರಲಿ. ಜಜ್ಜಿಹೋದ ಆ ಕಾರಿನಲ್ಲಿದ್ದವರು, ಅವರಾರೋ, ಎಲ್ಲಿದ್ದರೂ ಸುಖವಾಗಿರಲಿ. ಟೀಚರಮ್ಮನ ಕೈಗೆ ಗೇರಿನ ನೆನಪು ಉಳಿಯಲಿ. ಹೊಸ ಶಿಷ್ಯನಿಗೆ ವಿದ್ಯೆ ಬೇಗ ಹತ್ತದಿರಲಿ. ಸರ್ವರಿಗೂ ಮಂಗಳ...

ಹೊರಗೆ ಕಾರಿನ ಬಾಗಿಲ ಸದ್ದು. ಲೇಟಾದರೆ—